ಬಾಲ್ಯದಲ್ಲಿ ಮೆದುಳಿಗೆ ನೀಡಲಾದ ವಿಕಿರಣ ಚಿಕಿತ್ಸೆ: ರಕ್ತನಾಳಗಳ ಮೇಲಿನ ದೀರ್ಘಕಾಲಿಕ ಪರಿಣಾಮಗಳು

ಪೀಠಿಕೆ

ಮಕ್ಕಳಲ್ಲಿ ಕಂಡುಬರುವ ಮೆದುಳಿನ ಗೆಡ್ಡೆಗಳ ಚಿಕಿತ್ಸೆಯಲ್ಲಿಯೂ, ಕೆಲವು ಸಂದರ್ಭಗಳಲ್ಲಿ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿಯೂ ತಲೆಗೆ ವಿಕಿರಣ ನೀಡುವ ಕ್ರಮವು ಹಲವು ದಶಕಗಳಿಂದ ಜಾರಿಯಲ್ಲಿದೆ. ಇದರಿಂದ ಗುಣಹೊಂದಿದ ಅನೇಕ ಮಕ್ಕಳು ಬೆಳೆದು ದೊಡ್ಡವರಾಗಿ ವ್ಯಾಸಂಗ, ಉದ್ಯೋಗ, ಸಂಸಾರಗಳಲ್ಲಿ ತೊಡಗಿರುತ್ತಾರೆ. ಇವರಲ್ಲಿ ಕೆಲವರಿಗೆ, ಮೂಲ ಕಾಯಿಲೆಯು ಮರುಕಳಿಸದೇ ಇದ್ದಾಗ್ಯೂ, ಚಿಕಿತ್ಸೆ ಮುಗಿದ ಐದು, ಹತ್ತು ಅಥವಾ ಇಪ್ಪತ್ತು ವರ್ಷಗಳ ತರುವಾಯ ಮೆದುಳಿನ ರಕ್ತನಾಳಗಳಲ್ಲಿ ತೊಂದರೆ ಉಂಟಾಗುತ್ತದೆ. ಪಾರ್ಶ್ವವಾಯುವು ವೃದ್ಧಾಪ್ಯದ ಕಾಯಿಲೆ ಎಂಬ ಭಾವನೆಯು ಸಾರ್ವಜನಿಕರಲ್ಲಿ ಬೇರೂರಿರುವುದರಿಂದ, ಇಪ್ಪತ್ತೆರಡು ವರ್ಷದ ಯುವಕನೊಬ್ಬನ ಕೈ ದಿಢೀರನೆ ಸೋತಾಗ ಮನೆಯವರಿಗಾಗಲಿ, ಕೆಲವೊಮ್ಮೆ ಮೊದಲು ಪರೀಕ್ಷಿಸುವ ವೈದ್ಯರಿಗಾಗಲಿ ಆ ಸಂಶಯವೇ ಬರುವುದಿಲ್ಲ. ಆತನಿಗೆ ಆರನೆಯ ವಯಸ್ಸಿನಲ್ಲಿ ವಿಕಿರಣ ನೀಡಲಾಗಿತ್ತೆಂಬ ಸಂಗತಿಯು ತಿಳಿದಿದ್ದಲ್ಲಿ ಚಿಕಿತ್ಸೆಯ ದಿಕ್ಕೇ ಬೇರೆಯಾಗುತ್ತದೆ. ಇಂತಹ ಚಿಕಿತ್ಸೆ ಪಡೆದ ಮಕ್ಕಳ ಪೋಷಕರ ಹಾಗೂ ಈಗ ವಯಸ್ಕರಾಗಿರುವ ಅಂತಹ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ವಿಕಿರಣ ನೀಡುವ ಸಂದರ್ಭಗಳು ಮತ್ತು ಪ್ರಮಾಣ

ವಿಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯಲಾಗುತ್ತದೆ. ಹಳೆಯ ದಾಖಲೆಗಳಲ್ಲಿ ರ‍್ಯಾಡ್ ಅಥವಾ ಸೆಂಟಿಗ್ರೇ ಎಂದು ನಮೂದಾಗಿದ್ದಲ್ಲಿ 100ರಿಂದ ಭಾಗಿಸಿದರೆ ಗ್ರೇ ಪ್ರಮಾಣ ದೊರೆಯುತ್ತದೆ. ಮಕ್ಕಳ ಹಿಮ್ಮೆದುಳಿನಲ್ಲಿ ಹುಟ್ಟುವ ಮೆಡುಲ್ಲೋಬ್ಲಾಸ್ಟೋಮಾ ಎಂಬ ಗೆಡ್ಡೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಶಸ್ತ್ರಚಿಕಿತ್ಸೆಯ ನಂತರ, ಸಾಮಾನ್ಯ ಅಪಾಯದ ವರ್ಗಕ್ಕೆ ಸೇರಿದ ಮಗುವಿಗೆ ಇಡೀ ಮೆದುಳು ಮತ್ತು ಬೆನ್ನುಹುರಿಗೆ 23.4 ಗ್ರೇ, ಗೆಡ್ಡೆಯಿದ್ದ ಜಾಗಕ್ಕೆ ಒಟ್ಟು ಸುಮಾರು 54 ಗ್ರೇ ನೀಡುವುದು ವಾಡಿಕೆ. ದಿನಕ್ಕೆ 1.8 ಗ್ರೇಯಂತೆ ವಾರಕ್ಕೆ ಐದು ದಿನ ನೀಡಿದಲ್ಲಿ ಇದು ಆರು ವಾರಗಳ ಚಿಕಿತ್ಸೆಯಾಗುತ್ತದೆ. ಎಪೆಂಡೈಮೋಮಾ, ಕ್ರೇನಿಯೋಫ್ಯಾರಿಂಜಿಯೋಮಾ ಮೊದಲಾದ ಗೆಡ್ಡೆಗಳಲ್ಲಿಯೂ 50 ಗ್ರೇ ಅಥವಾ ಅದಕ್ಕೂ ಮಿಗಿಲಾದ ಪ್ರಮಾಣ ಬೇಕಾಗುತ್ತದೆ.

ರಕ್ತ ಕ್ಯಾನ್ಸರ್‌ನ ಇತಿಹಾಸ ಬೇರೆಯದು. 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡಾ. ಡೊನಾಲ್ಡ್ ಪಿಂಕೆಲ್ ಮತ್ತು ಸಂಗಡಿಗರು ಔಷಧಗಳ ಜೊತೆಗೆ ತಲೆಗೂ ವಿಕಿರಣ ನೀಡಿದ ಮೇಲೆಯೇ, ಅಲ್ಲಿಯವರೆಗೆ ಬಹುತೇಕ ಮಾರಕವೆನಿಸಿದ್ದ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಿಂದ ಸುಮಾರು ಅರ್ಧದಷ್ಟು ಮಕ್ಕಳು ಗುಣಹೊಂದುವಂತಾಯಿತು. ಆಗ 24 ಗ್ರೇ ಇದ್ದ ಪ್ರಮಾಣವು ಮುಂದೆ 18 ಗ್ರೇಗೆ ಇಳಿಯಿತು. ಅದೇ ಆಸ್ಪತ್ರೆಯು 2009ರಲ್ಲಿ ಪ್ರಕಟಿಸಿದ ಅಧ್ಯಯನವು ತಲೆಗೆ ವಿಕಿರಣವನ್ನೇ ನೀಡದೆ ಈ ಕಾಯಿಲೆಯನ್ನು ಗುಣಪಡಿಸಲು ಸಾಧ್ಯವೆಂದು ತೋರಿಸಿತು. ಆದ್ದರಿಂದ ಇಂದು ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ಬಹುಪಾಲು ಮಕ್ಕಳಿಗೆ ಈ ಮಾಹಿತಿ ಅನ್ವಯಿಸುವುದಿಲ್ಲ. ಆದರೆ 1980 ಅಥವಾ 1990ರ ದಶಕದಲ್ಲಿ ಚಿಕಿತ್ಸೆ ಪಡೆದು ಈಗ ಮಧ್ಯವಯಸ್ಸಿನಲ್ಲಿರುವವರಲ್ಲಿ ಅನೇಕರಿಗೆ ಅನ್ವಯಿಸುತ್ತದೆ.

ರಕ್ತನಾಳಗಳಲ್ಲಿ ಉಂಟಾಗುವ ಬದಲಾವಣೆಗಳು

ವಿಕಿರಣವು ಗೆಡ್ಡೆಯನ್ನು ತಲುಪುವ ದಾರಿಯಲ್ಲಿರುವ ಆರೋಗ್ಯವಂತ ರಕ್ತನಾಳಗಳನ್ನೂ ಹಾದುಹೋಗುತ್ತದೆ. ಪ್ರತಿ ರಕ್ತನಾಳದ ಒಳಗೋಡೆಯನ್ನು ಹೊದಿಸಿರುವ ತೆಳುವಾದ ಜೀವಕೋಶಗಳ ಪದರವು ಇದಕ್ಕೆ ಬಹು ಸೂಕ್ಷ್ಮವಾಗಿ ಪ್ರತಿಕ್ರಿಯಿಸುತ್ತದೆ. ಈ ಪದರಕ್ಕೆ ಆದ ಹಾನಿಯು ತಕ್ಷಣ ಗೋಚರಿಸುವುದಿಲ್ಲ. ಜೀವಕೋಶಗಳು ನಿಧಾನವಾಗಿ ನಶಿಸಿ, ಅವುಗಳ ಜಾಗದಲ್ಲಿ ನಾರಿನಂತಹ ಅಂಗಾಂಶವು ಬೆಳೆದು, ಗೋಡೆಯು ದಪ್ಪವಾಗುತ್ತ ಒಳದಾರಿಯು ಕಿರಿದಾಗುತ್ತದೆ. ಈ ಕ್ರಿಯೆಗೆ ತಗಲುವ ಕಾಲವು ವರ್ಷಗಳ ಲೆಕ್ಕದ್ದಾಗಿರುವುದರಿಂದಲೇ ಇದು ಚಿಕಿತ್ಸೆ ಮುಗಿಸಿದ ಆಸ್ಪತ್ರೆಯ ಕಣ್ಣಿಗೆ ಬೀಳದೆ ಉಳಿಯುತ್ತದೆ.

ದೊಡ್ಡ ನಾಳಗಳ ಪೈಕಿ ಹೆಚ್ಚು ಗಮನ ಕೊಡಬೇಕಾದದ್ದು ಮೆದುಳಿನ ತಳಭಾಗದಲ್ಲಿ ಉಂಗುರದಂತೆ ಕೂಡಿಕೊಂಡಿರುವ ಅಪಧಮನಿಗಳು. ಇದಕ್ಕೆ ವಿಲ್ಲಿಸ್ ವರ್ತುಲವೆಂದು ಹೆಸರು. ಕಣ್ಣಿನ ನರದ ಗೆಡ್ಡೆಗಳು, ಪಿಟ್ಯುಟರಿ ಗ್ರಂಥಿಯ ಸಮೀಪದ ಕ್ರೇನಿಯೋಫ್ಯಾರಿಂಜಿಯೋಮಾ ಇವೆಲ್ಲವೂ ಈ ವರ್ತುಲಕ್ಕೆ ಅಂಟಿದಂತೆಯೇ ಇರುವುದರಿಂದ, ಗೆಡ್ಡೆಗೆ ನೀಡಿದ ಪೂರ್ಣ ಪ್ರಮಾಣವು ಈ ಅಪಧಮನಿಗಳಿಗೂ ತಗಲುತ್ತದೆ. ಕಂಠದಿಂದ ಮೆದುಳಿಗೆ ಏರುವ ಒಳ ಕೆರೋಟಿಡ್ ಅಪಧಮನಿಯು ಇಲ್ಲಿ ಕ್ರಮೇಣ ಮುಚ್ಚುತ್ತ ಬಂದಾಗ, ಮೆದುಳು ತನ್ನ ಹಸಿವನ್ನು ನೀಗಿಸಿಕೊಳ್ಳಲು ಸಣ್ಣ ಸಣ್ಣ ಉಪನಾಳಗಳ ಜಾಲವನ್ನು ಬೆಳೆಸಿಕೊಳ್ಳುತ್ತದೆ. ಆಂಜಿಯೋಗ್ರಫಿ ಚಿತ್ರದಲ್ಲಿ ಈ ಜಾಲವು ಗಾಳಿಯಲ್ಲಿ ತೇಲುವ ಹೊಗೆಯ ಸುರುಳಿಯಂತೆ ಕಾಣುವುದರಿಂದ ಜಪಾನಿನ ವೈದ್ಯರಾದ ಸುಜುಕಿ ಮತ್ತು ತಕಾಕು 1969ರಲ್ಲಿ ಇದಕ್ಕೆ ತಮ್ಮ ಭಾಷೆಯ ಮೊಯಮೊಯ ಎಂಬ ಪದವನ್ನು ಬಳಸಿದರು. ತಾನಾಗಿಯೇ ಬರುವ ಕಾಯಿಲೆಗೆ ಇಟ್ಟ ಈ ಹೆಸರನ್ನೇ ವಿಕಿರಣದ ನಂತರ ಉಂಟಾಗುವ ಸ್ಥಿತಿಗೂ, ಮೊಯಮೊಯ ಲಕ್ಷಣಕೂಟವೆಂದು, ಬಳಸಲಾಗುತ್ತಿದೆ. ಉಪನಾಳಗಳು ದುರ್ಬಲವಾಗಿರುತ್ತವೆ. ರಕ್ತಪೂರೈಕೆ ಸಾಲದೆ ಪಾರ್ಶ್ವವಾಯು ಉಂಟಾಗಬಹುದು, ಅಥವಾ ಅವು ಒಡೆದು ರಕ್ತಸ್ರಾವವೂ ಆಗಬಹುದು.

ಮೆದುಳಿನ ಗೆಡ್ಡೆಗೆ ವಿಕಿರಣ ಪಡೆದ 345 ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 12 ಮಕ್ಕಳಿಗೆ, ಅಂದರೆ ನೂರಕ್ಕೆ ಸುಮಾರು 3.5ರಷ್ಟು ಮಂದಿಗೆ, ಈ ಸ್ಥಿತಿ ಕಂಡುಬಂದಿತು. ನ್ಯೂರೋಫೈಬ್ರೊಮಟೋಸಿಸ್ ಟೈಪ್ 1 ಎಂಬ ಅನುವಂಶಿಕ ಕಾಯಿಲೆಯಿರುವ ಮಕ್ಕಳಲ್ಲಿ ಅಪಾಯವು ಇತರರಿಗಿಂತ ಸುಮಾರು ಮೂರು ಪಟ್ಟಿತ್ತು. ಮೈಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಆರು ಅಥವಾ ಹೆಚ್ಚು ಮಚ್ಚೆಗಳಿರುವುದು ಈ ಕಾಯಿಲೆಯ ಒಂದು ಮುಖ್ಯ ಚಿಹ್ನೆ. ಅಂತಹ ಮಚ್ಚೆಗಳಿರುವುದನ್ನು ಪೋಷಕರು ವಿಕಿರಣ ಪ್ರಾರಂಭಿಸುವ ಮುನ್ನವೇ ವೈದ್ಯರ ಗಮನಕ್ಕೆ ತರತಕ್ಕದ್ದು. ಇಂತಹ ಮಕ್ಕಳ ಕಣ್ಣಿನ ನರದ ಗೆಡ್ಡೆಗೆ ಸಾಧ್ಯವಾದಷ್ಟೂ ಔಷಧ ಚಿಕಿತ್ಸೆಯನ್ನೇ ಮೊದಲು ಆರಿಸಿಕೊಳ್ಳಲಾಗುತ್ತದೆ.

ಸಣ್ಣ ನಾಳಗಳ ತೊಂದರೆ ಹಲವು ರೂಪಗಳಲ್ಲಿ ಕಾಣುತ್ತದೆ. ಮೆದುಳಿನ ಆಳದಲ್ಲಿ ಸುಣ್ಣದ ಅಂಶ ಶೇಖರವಾಗುವುದು, ಚಿಕ್ಕ ಚಿಕ್ಕ ಭಾಗಗಳಿಗೆ ರಕ್ತ ತಪ್ಪುವುದು, ಸೂಕ್ಷ್ಮ ರಕ್ತಸ್ರಾವದ ಚುಕ್ಕೆಗಳು ಇವುಗಳಲ್ಲಿ ಕೆಲವು. ಕ್ಯಾವರ್ನೋಮಾ ಎಂಬುದು ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲಾಗಿ ಹಿಗ್ಗಿದ ನಾಳಗಳ ಗಂಟು. ವಿಕಿರಣ ಪಡೆದ ಮಕ್ಕಳಲ್ಲಿ ಇದು ಹೊಸದಾಗಿ ಹುಟ್ಟಬಹುದು. ಅನೇಕ ವೇಳೆ ಅದರಿಂದ ಯಾವ ತೊಂದರೆಯೂ ಇರುವುದಿಲ್ಲ, ಕೆಲವೊಮ್ಮೆ ರಕ್ತ ಒಸರುತ್ತದೆ ಅಥವಾ ಅಪಸ್ಮಾರಕ್ಕೆ ಕಾರಣವಾಗುತ್ತದೆ. ಸ್ಕ್ಯಾನ್ ವರದಿಯಲ್ಲಿ ಹೊಸ ಗಂಟಿನ ಉಲ್ಲೇಖವನ್ನು ಕಂಡು, ಗೆಡ್ಡೆ ಮರುಕಳಿಸಿತೆಂದು ಕುಟುಂಬದವರು ಕಂಗೆಡುವುದು ಸಹಜ. ತಜ್ಞರಿಂದ ಖಚಿತಪಡಿಸಿಕೊಳ್ಳುವವರೆಗೆ ಅಂತಹ ನಿರ್ಣಯಕ್ಕೆ ಬರಬಾರದು.

ಇವುಗಳಿಗೆ ಹೊರತಾಗಿ, ಚಿಕಿತ್ಸೆಯಾದ ಹಲವು ವರ್ಷಗಳ ಮೇಲೆ ತೀವ್ರ ತಲೆನೋವಿನೊಂದಿಗೆ ಮಾತು ತೊದಲುವುದು, ದೃಷ್ಟಿಯ ಒಂದು ಪಾರ್ಶ್ವ ಮಸುಕಾಗುವುದು, ಕೈಕಾಲು ಸೋಲುವುದು ಕಂಡುಬಂದು ದಿನಗಳಲ್ಲಿ ಅಥವಾ ವಾರಗಳಲ್ಲಿ ಬಹುಮಟ್ಟಿಗೆ ಇಳಿಯುವ ಸ್ಥಿತಿಯೊಂದಿದೆ. ಇದನ್ನು ವೈದ್ಯರು ಸ್ಮಾರ್ಟ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ಇದು ಪಾರ್ಶ್ವವಾಯುವನ್ನು ಹೋಲುತ್ತದೆಯಾದರೂ ಅದರ ಚಿಕಿತ್ಸೆ ಬೇರೆ. ಹಿಂದೆ ವಿಕಿರಣವಾಗಿತ್ತೆಂದು ತಿಳಿಯದ ವೈದ್ಯರಿಗೆ ಇದನ್ನು ಗುರುತಿಸುವುದು ಅಸಾಧ್ಯವೆಂದೇ ಹೇಳಬೇಕು.

ಅಪಾಯದ ಪ್ರಮಾಣ

ಈ ವಿಷಯದಲ್ಲಿ ವಿಶ್ವಾಸಾರ್ಹ ಅಂಕಿಅಂಶಗಳು ಮುಖ್ಯವಾಗಿ ಅಮೆರಿಕ ಮತ್ತು ಕೆನಡಾಗಳ ಆಸ್ಪತ್ರೆಗಳು ಸೇರಿ ನಡೆಸುತ್ತಿರುವ ಬಾಲ್ಯ ಕ್ಯಾನ್ಸರ್‌ನಿಂದ ಗುಣಹೊಂದಿದವರ ಅಧ್ಯಯನದಿಂದ ದೊರೆತಿವೆ. ಕಾಯಿಲೆ ಪತ್ತೆಯಾದ ನಂತರ ಕನಿಷ್ಠ ಐದು ವರ್ಷ ಬದುಕಿದವರನ್ನು ಅವರ ಒಡಹುಟ್ಟಿದವರೊಂದಿಗೆ ಇದರಲ್ಲಿ ಹೋಲಿಸಲಾಗುತ್ತದೆ. 2006ರ ವರದಿಯಂತೆ, ಒಡಹುಟ್ಟಿದವರಿಗೆ ಹೋಲಿಸಿದಲ್ಲಿ ಪಾರ್ಶ್ವವಾಯುವಿನ ಅಪಾಯವು ರಕ್ತ ಕ್ಯಾನ್ಸರ್‌ನಿಂದ ಗುಣವಾದವರಲ್ಲಿ ಸುಮಾರು 6 ಪಟ್ಟು, ಮೆದುಳಿನ ಗೆಡ್ಡೆಯಿಂದ ಗುಣವಾದವರಲ್ಲಿ ಸುಮಾರು 29 ಪಟ್ಟು ಹೆಚ್ಚಿತ್ತು. 30 ಗ್ರೇ ಮತ್ತು ಅದಕ್ಕೂ ಮೇಲ್ಪಟ್ಟ ಪ್ರಮಾಣದಲ್ಲಿ ಅಪಾಯವು ಏರುತ್ತ ಹೋಗಿ, 50 ಗ್ರೇ ದಾಟಿದವರಲ್ಲಿ ಅತ್ಯಧಿಕವಾಗಿತ್ತು.

ಹತ್ತಾರು ಪಟ್ಟು ಎಂಬ ಮಾತು ಭಯ ಹುಟ್ಟಿಸುವಂತಹುದು. ಎಳೆಯ ವಯಸ್ಸಿನಲ್ಲಿ ಪಾರ್ಶ್ವವಾಯು ತೀರ ಅಪರೂಪವಾದ್ದರಿಂದ, ಅದರ ಹಲವು ಪಟ್ಟು ಎಂದರೂ ಎಷ್ಟು ಮಂದಿ ಎಂಬುದನ್ನು ನೋಡುವುದು ಅಗತ್ಯ. 2013ರಲ್ಲಿ ಪ್ರಕಟವಾದ, 14,358 ಮಂದಿಯನ್ನು ಒಳಗೊಂಡ ವರದಿಯಲ್ಲಿ 50 ಗ್ರೇ ಅಥವಾ ಹೆಚ್ಚು ಪಡೆದವರ ಪೈಕಿ ಪಾರ್ಶ್ವವಾಯುವಿಗೆ ತುತ್ತಾದವರು ರೋಗ ಪತ್ತೆಯಾದ 10 ವರ್ಷಗಳ ಹೊತ್ತಿಗೆ ನೂರಕ್ಕೆ 1.1, 30 ವರ್ಷಗಳ ಹೊತ್ತಿಗೆ ನೂರಕ್ಕೆ 12. ಅಂದರೆ ಅತಿ ಹೆಚ್ಚು ಪ್ರಮಾಣ ಪಡೆದವರಲ್ಲಿಯೂ ನೂರಕ್ಕೆ 88ರಷ್ಟು ಮಂದಿಗೆ ಮೂವತ್ತು ವರ್ಷಗಳಲ್ಲಿ ಪಾರ್ಶ್ವವಾಯು ಆಗಿರಲಿಲ್ಲ. ಆದರೆ ಈ ಎರಡು ಅಂಕಿಗಳ ನಡುವಿನ ಅಂತರವೇ ಮುಖ್ಯವಾದದ್ದು. ಹತ್ತು ವರ್ಷ ಏನೂ ಆಗಲಿಲ್ಲವೆಂದು ತಪಾಸಣೆ ನಿಲ್ಲಿಸುವವರು, ಅಪಾಯವು ಏರತೊಡಗುವ ಸಮಯಕ್ಕೆ ಸರಿಯಾಗಿ ಆಸ್ಪತ್ರೆಯಿಂದ ದೂರವಾಗುತ್ತಾರೆ. ಒಮ್ಮೆ ಪಾರ್ಶ್ವವಾಯು ಆದವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಮುಂದಿನ ಹತ್ತು ವರ್ಷಗಳಲ್ಲಿ ಮತ್ತೆ ಆಗಿತ್ತೆಂದು 2015ರ ವರದಿ ತಿಳಿಸುತ್ತದೆ.

ಈ ಅಂಕಿಗಳು 1970ರಿಂದ 1986ರ ಅವಧಿಯಲ್ಲಿ ಕಾಯಿಲೆ ಪತ್ತೆಯಾದವರಿಗೆ ಸಂಬಂಧಿಸಿದವು ಹಾಗೂ ಅವರೇ ಉತ್ತರಿಸಿದ ಪ್ರಶ್ನಾವಳಿಗಳಿಂದ ಪಡೆದವು. ಇಂದಿನ ಯಂತ್ರಗಳು ಗೆಡ್ಡೆಯ ಸುತ್ತಲಿನ ಭಾಗಗಳಿಗೆ ತಗಲುವ ವಿಕಿರಣವನ್ನು ಬಹಳ ಮಟ್ಟಿಗೆ ತಗ್ಗಿಸುತ್ತವೆ. ಪ್ರೋಟಾನ್ ಚಿಕಿತ್ಸೆಯು ಭಾರತದಲ್ಲಿಯೂ, ಚೆನ್ನೈನಲ್ಲಿ 2019ರಿಂದ, ಲಭ್ಯವಿದೆ. ಆದರೂ ಗೆಡ್ಡೆಯು ಅಪಧಮನಿಯನ್ನು ತಾಗಿಕೊಂಡೇ ಇದ್ದಲ್ಲಿ ಯಾವ ಯಂತ್ರವೂ ಅದನ್ನು ಪೂರ್ಣವಾಗಿ ತಪ್ಪಿಸಲಾರದು. ಪ್ರೋಟಾನ್ ಪಡೆದ ಮಕ್ಕಳಲ್ಲಿಯೂ ಮೊಯಮೊಯ ವರದಿಯಾಗಿದೆ.

ಚಿಕಿತ್ಸೆಯನ್ನು ನಿರಾಕರಿಸಬಾರದು

ಮೇಲ್ಕಂಡ ವಿವರಗಳನ್ನು ಓದಿ, ಈಗ ಚಿಕಿತ್ಸೆಯಲ್ಲಿರುವ ಮಗುವಿನ ಪೋಷಕರು ವಿಕಿರಣವನ್ನು ನಿರಾಕರಿಸುವುದಾಗಲಿ, ಪ್ರಮಾಣ ತಗ್ಗಿಸುವಂತೆ ಒತ್ತಾಯಿಸುವುದಾಗಲಿ ಮಾಡಬಾರದೆಂದು ತಿಳಿಯಪಡಿಸಲಾಗಿದೆ. ಮೆಡುಲ್ಲೋಬ್ಲಾಸ್ಟೋಮಾದಲ್ಲಿ ಎಳೆಯ ಮಕ್ಕಳಿಗೆ ಮೆದುಳು-ಬೆನ್ನುಹುರಿಯ ಪ್ರಮಾಣವನ್ನು 23.4 ಗ್ರೇಯಿಂದ 18 ಗ್ರೇಗೆ ಇಳಿಸಬಹುದೇ ಎಂಬುದನ್ನು ದೊಡ್ಡ ಪ್ರಮಾಣದ ಪ್ರಯೋಗದಲ್ಲಿಯೇ ಪರೀಕ್ಷಿಸಲಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಡಿಮೆ ಪ್ರಮಾಣ ಪಡೆದ ಮಕ್ಕಳಲ್ಲಿ ಕಾಯಿಲೆಯ ಹತೋಟಿ ಕುಂದಿತ್ತು. ಅದೇ ಪ್ರಯೋಗದಲ್ಲಿ, ಹೆಚ್ಚುವರಿ ವಿಕಿರಣವನ್ನು ಇಡೀ ಹಿಮ್ಮೆದುಳಿನ ಭಾಗಕ್ಕೆ ಕೊಡುವ ಬದಲು ಗೆಡ್ಡೆಯಿದ್ದ ಜಾಗಕ್ಕಷ್ಟೇ ಸೀಮಿತಗೊಳಿಸುವುದು ಸುರಕ್ಷಿತವೆಂದು ತಿಳಿದುಬಂದಿತು. ಎಲ್ಲಿ ಉಳಿತಾಯ ಮಾಡಬಹುದು, ಎಲ್ಲಿ ಮಾಡಬಾರದು ಎಂಬುದು ಹೀಗೆ ವರ್ಷಗಟ್ಟಲೆ ಪರಿಶ್ರಮದಿಂದ ತಿಳಿಯುವ ವಿಷಯವೇ ಹೊರತು ಊಹೆಯಿಂದ ತೀರ್ಮಾನಿಸುವಂತಹುದಲ್ಲ.

ಎಚ್ಚರಿಕೆಯ ಲಕ್ಷಣಗಳು ಮತ್ತು ತುರ್ತು ಕ್ರಮ

ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲು ಸೋಲುವುದು ಇಲ್ಲವೆ ಮರಗಟ್ಟುವುದು, ಮಾತು ತೊದಲುವುದು, ಹಠಾತ್ತನೆ ದೃಷ್ಟಿ ಮಸುಕಾಗುವುದು, ಹಿಂದೆಂದೂ ಕಾಣದ ತೀವ್ರ ತಲೆನೋವು, ಮೊದಲ ಬಾರಿಗೆ ಬಂದ ಮೂರ್ಛೆ ಇವು ತುರ್ತು ಲಕ್ಷಣಗಳು. ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ಸರಿಹೋದರೂ ಇವನ್ನು ಕಡೆಗಣಿಸತಕ್ಕದ್ದಲ್ಲ. ಮೊಯಮೊಯ ಇರುವ ಮಕ್ಕಳಲ್ಲಿ ಇಂತಹ ಕ್ಷಣಿಕ ಸೋಲು ಜೋರಾಗಿ ಅಳುವಾಗ, ಬಿಸಿ ಊಟವನ್ನು ಊದಿ ಆರಿಸುವಾಗ, ಕೊಳಲಿನಂತಹ ವಾದ್ಯ ನುಡಿಸುವಾಗ ಬರುವುದುಂಟು. ರಭಸದ ಉಸಿರಾಟದಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಮೊದಲೇ ಇಕ್ಕಟ್ಟಾದ ನಾಳಗಳ ಆಚೆಗಿನ ರಕ್ತಪೂರೈಕೆ ಮತ್ತಷ್ಟು ತಗ್ಗುವುದೇ ಇದಕ್ಕೆ ಕಾರಣ. ಮಗು ಹಠ ಮಾಡಿ ಅತ್ತು ಸುಸ್ತಾಯಿತೆಂದು ಭಾವಿಸಿ ಸುಮ್ಮನಾಗುವ ಮನೆಗಳೇ ಹೆಚ್ಚು. ವಾಂತಿ, ಭೇದಿ, ಉಪವಾಸ ಅಥವಾ ಬೇಸಿಗೆಯಲ್ಲಿ ದೇಹದ ನೀರಿನಂಶ ಕುಂದುವುದೂ ಇವರಿಗೆ ಅಪಾಯಕಾರಿ.

ಲಕ್ಷಣ ಕಂಡ ಕೂಡಲೇ 108 ಸಂಖ್ಯೆಗೆ ಕರೆ ಮಾಡಿ, ಸಿ.ಟಿ. ಅಥವಾ ಎಂ.ಆರ್.ಐ. ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಲಕ್ಷಣ ಪ್ರಾರಂಭವಾದ ಸಮಯವನ್ನು ಬರೆದಿಟ್ಟುಕೊಳ್ಳುವುದು ಅವಶ್ಯಕ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗುತ್ತದೆ. ಕ್ಯಾವರ್ನೋಮಾ ಅಥವಾ ರಕ್ತಸ್ರಾವವಿದ್ದಲ್ಲಿ ಅದೇ ಚುಚ್ಚುಮದ್ದು ಹಾನಿಕರವಾಗಬಹುದಾದ್ದರಿಂದ, ಬಾಲ್ಯದ ವಿಕಿರಣ ಚಿಕಿತ್ಸೆಯ ವಿಷಯವನ್ನು ಮೊದಲ ಮಾತಿನಲ್ಲಿಯೇ ವೈದ್ಯರಿಗೆ ತಿಳಿಸತಕ್ಕದ್ದು. ಲಕ್ವ ಹೊಡೆದಿದೆಯೆಂದು ನಾಟಿ ಔಷಧಿ, ಎಣ್ಣೆ ನೀವುವಿಕೆಗಳಿಗಾಗಿ ಬೇರೆ ಊರಿಗೆ ಕರೆದೊಯ್ಯುವ ಪದ್ಧತಿಯಿಂದ ಈ ಅಮೂಲ್ಯವಾದ ಗಂಟೆಗಳು ವ್ಯರ್ಥವಾಗುತ್ತವೆ.

ತಪಾಸಣೆ, ಚಿಕಿತ್ಸೆ ಮತ್ತು ರಕ್ತದೊತ್ತಡ

ತಲೆಗೆ ವಿಕಿರಣ ಪಡೆದವರು ಜೀವನಪರ್ಯಂತ ವರ್ಷಕ್ಕೊಮ್ಮೆಯಾದರೂ ನರಸಂಬಂಧಿ ಪರೀಕ್ಷೆ ಹಾಗೂ ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಲಕ್ಷಣವಿಲ್ಲದ ಪ್ರತಿಯೊಬ್ಬರಿಗೂ ಆಗಾಗ್ಗೆ ಎಂ.ಆರ್. ಆಂಜಿಯೋಗ್ರಫಿ ಮಾಡಿಸಬೇಕೇ ಎಂಬ ಬಗ್ಗೆ ತಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ವಿಲ್ಲಿಸ್ ವರ್ತುಲಕ್ಕೆ ಹೆಚ್ಚಿನ ಪ್ರಮಾಣ ತಗಲಿದವರಿಗೆ ಮತ್ತು ನ್ಯೂರೋಫೈಬ್ರೊಮಟೋಸಿಸ್ ಇರುವವರಿಗೆ, ಗೆಡ್ಡೆಯ ತಪಾಸಣೆಗಾಗಿ ಹೇಗೂ ಮಾಡಿಸುವ ಎಂ.ಆರ್.ಐ. ಜೊತೆಯಲ್ಲಿಯೇ ಇದನ್ನೂ ಸೇರಿಸಬಹುದೇ ಎಂದು ಕೇಳಿ ತಿಳಿಯಬಹುದಾಗಿದೆ.

ನಾಳ ಕಿರಿದಾಗಿರುವುದು ಖಚಿತವಾದಲ್ಲಿ ಆಸ್ಪಿರಿನ್‌ನಂತಹ ಔಷಧವನ್ನು ವೈದ್ಯರು ಸೂಚಿಸಬಹುದು. ಇದನ್ನು ತಾವಾಗಿಯೇ ಪ್ರಾರಂಭಿಸುವುದೂ, ನಿಲ್ಲಿಸುವುದೂ ಸಲ್ಲದು. ಮೊಯಮೊಯ ಲಕ್ಷಣಕೂಟದಲ್ಲಿ ಕಣತಲೆಯ ಚರ್ಮದಡಿಯಿರುವ ಅಪಧಮನಿಯನ್ನು ಮೆದುಳಿನ ಮೇಲ್ಮೈಗೆ ಹೊಂದಿಸಿಡುವ ಶಸ್ತ್ರಚಿಕಿತ್ಸೆಯಿದೆ. ಕೆಲವು ತಿಂಗಳುಗಳಲ್ಲಿ ಅಲ್ಲಿಂದ ಹೊಸ ನಾಳಗಳು ಚಿಗುರಿ ರಕ್ತಪೂರೈಕೆ ಸುಧಾರಿಸುತ್ತದೆ. ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೆ ಒಳಪಡುವಾಗಲೂ ಅರಿವಳಿಕೆ ತಜ್ಞರಿಗೆ ಈ ಸ್ಥಿತಿಯನ್ನು ತಿಳಿಸಬೇಕು.

ಪಡೆದ ವಿಕಿರಣವನ್ನು ಹಿಂದಿರುಗಿಸಲಾಗದು, ಆದರೆ ರಕ್ತದೊತ್ತಡವನ್ನು ಹತೋಟಿಯಲ್ಲಿಡಬಹುದು. ಮೇಲೆ ಹೇಳಿದ 2013ರ ವರದಿಯಲ್ಲಿ ಅಧಿಕ ರಕ್ತದೊತ್ತಡವಿದ್ದವರಿಗೆ ಪಾರ್ಶ್ವವಾಯುವಿನ ಅಪಾಯವು ಸುಮಾರು ನಾಲ್ಕು ಪಟ್ಟಾಗಿತ್ತು. ಇಪ್ಪತ್ತರ ಹರೆಯದವರ ರಕ್ತದೊತ್ತಡವನ್ನು ಯಾರೂ ಅಳೆಯುವುದೇ ಇಲ್ಲವಾದ್ದರಿಂದ, ಇವರು ತಾವಾಗಿಯೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳತೆ ಮಾಡಿಸಿಕೊಳ್ಳತಕ್ಕದ್ದು. ಮೊಯಮೊಯ ಇರುವವರಲ್ಲಿ ಒತ್ತಡವನ್ನು ವಿಪರೀತ ತಗ್ಗಿಸುವುದೂ ಅಪಾಯವಾದ್ದರಿಂದ ಗುರಿಯನ್ನು ತಜ್ಞರೇ ನಿಗದಿಪಡಿಸಬೇಕು. ಧೂಮಪಾನ ಮತ್ತು ಇತರೆ ತಂಬಾಕು ಸೇವನೆಯನ್ನು ಸಂಪೂರ್ಣವಾಗಿ ವರ್ಜಿಸತಕ್ಕದ್ದು. ಪಿಟ್ಯುಟರಿ ಭಾಗಕ್ಕೆ ವಿಕಿರಣ ತಗಲಿದವರಲ್ಲಿ ಹಾರ್ಮೋನುಗಳ ಕೊರತೆಯಿಂದ ಬೊಜ್ಜು ಹಾಗೂ ಕೊಬ್ಬಿನಂಶ ಹೆಚ್ಚುವ ಸಾಧ್ಯತೆಯಿದ್ದು, ಅದರ ತಪಾಸಣೆಯೂ ಅಗತ್ಯ. ಮಹಿಳೆಯರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಗಳನ್ನು ಬಳಸುವ ಮುನ್ನ ವೈದ್ಯರ ಸಲಹೆ ಪಡೆಯತಕ್ಕದ್ದು.

ಚಿಕಿತ್ಸಾ ದಾಖಲೆಗಳನ್ನು ಪಡೆಯುವುದು

ನಾಗರಿಕರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ, ವೈದ್ಯರು ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಪ್ರಾರಂಭವಾದ ದಿನಾಂಕದಿಂದ 3 ವರ್ಷಗಳವರೆಗೆ ಕಾಯ್ದಿಡತಕ್ಕದ್ದು, ಮತ್ತು ರೋಗಿ ಅಥವಾ ಅಧಿಕೃತ ಪ್ರತಿನಿಧಿಯು ಕೋರಿದಲ್ಲಿ 72 ಗಂಟೆಗಳೊಳಗೆ ಒದಗಿಸತಕ್ಕದ್ದು. ಅನೇಕ ಆಸ್ಪತ್ರೆಗಳು ಇದಕ್ಕಿಂತ ದೀರ್ಘಕಾಲ ದಾಖಲೆ ಕಾಪಾಡುತ್ತವೆಯಾದರೂ, ನಿಯಮವು ವಿಧಿಸಿರುವುದು ಮೂರು ವರ್ಷ. ರಕ್ತನಾಳದ ತೊಂದರೆ ತಲೆದೋರುವುದು ಹತ್ತು, ಇಪ್ಪತ್ತು ವರ್ಷಗಳ ಮೇಲೆ. ಆ ವೇಳೆಗೆ ಯಂತ್ರ ಬದಲಾಗಿರುತ್ತದೆ, ವೈದ್ಯರು ನಿವೃತ್ತರಾಗಿರುತ್ತಾರೆ, ಚಿಕಿತ್ಸೆ ಪಡೆದಾಗ ನಾಲ್ಕು ವರ್ಷದವನಾಗಿದ್ದ ಮಗುವಿಗೆ ಏನೂ ನೆನಪಿರುವುದಿಲ್ಲ.

ಆದ್ದರಿಂದ ವಿಕಿರಣ ಚಿಕಿತ್ಸೆ ಮುಗಿದ ತಿಂಗಳಲ್ಲಿಯೇ ಲಿಖಿತ ಕೋರಿಕೆ ಸಲ್ಲಿಸಿ ಚಿಕಿತ್ಸಾ ಸಾರಾಂಶವನ್ನು ಪಡೆದುಕೊಳ್ಳತಕ್ಕದ್ದು. ಬಿಡುಗಡೆ ಪತ್ರದಲ್ಲಿ ವಿಕಿರಣ ನೀಡಲಾಯಿತು ಎಂಬ ಒಂದೇ ಸಾಲಿದ್ದರೆ ಸಾಲದು. ಗೆಡ್ಡೆಯ ಹೆಸರು, ವಿಕಿರಣ ನೀಡಿದ ಭಾಗ, ಒಟ್ಟು ಗ್ರೇ ಪ್ರಮಾಣ, ಎಷ್ಟು ಕಂತುಗಳು, ಪ್ರಾರಂಭದ ಮತ್ತು ಮುಕ್ತಾಯದ ದಿನಾಂಕ, ಯಂತ್ರದ ಬಗೆ, ಜೊತೆಗೆ ನೀಡಿದ ಔಷಧಗಳು ಇವಿಷ್ಟೂ ನಮೂದಾಗಿರಬೇಕು. ಸ್ಕ್ಯಾನ್‌ಗಳ ಪ್ರತಿಯನ್ನೂ ಸಾಧ್ಯವಾದಲ್ಲಿ ಪಡೆಯಬೇಕು. ಮೂಲ ಪತ್ರವನ್ನು ಜನನ ಪ್ರಮಾಣಪತ್ರದೊಂದಿಗೆ ಇರಿಸಿ, ಒಂದು ಪ್ರತಿಯನ್ನು ಮಗುವು ವಯಸ್ಕನಾದ ಮೇಲೆ ಆತನ ವಶಕ್ಕೇ ಕೊಡುವುದು ಒಳಿತು. ಮದುವೆ ಸಂಬಂಧಗಳಿಗೆ ತೊಡಕಾದೀತೆಂದು ಬಾಲ್ಯದ ಕಾಯಿಲೆಯನ್ನು ಮಕ್ಕಳಿಂದಲೇ ಮರೆಮಾಚುವ ಕುಟುಂಬಗಳಿವೆ. ತುರ್ತು ಸಂದರ್ಭದಲ್ಲಿ ಈ ಮೌನವು ಪ್ರಾಣಾಂತಿಕವಾಗಬಹುದು. ಹಲವು ವರ್ಷಗಳ ಹಿಂದೆಯೇ ಚಿಕಿತ್ಸೆ ಪಡೆದವರು ಸಂಬಂಧಪಟ್ಟ ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಹಳೆಯ ನೋಂದಣಿ ಸಂಖ್ಯೆಯೊಂದಿಗೆ ಬರೆದು ವಿಚಾರಿಸಬಹುದಾಗಿದೆ.

ವಿಕಲಚೇತನರ ಪ್ರಮಾಣಪತ್ರ

ಪಾರ್ಶ್ವವಾಯುವಿನಿಂದ ಕೈಕಾಲುಗಳ ಬಲಹೀನತೆ, ದೃಷ್ಟಿದೋಷ ಅಥವಾ ಬೌದ್ಧಿಕ ನ್ಯೂನತೆ ಶಾಶ್ವತವಾಗಿ ಉಳಿದಲ್ಲಿ, ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರನ್ವಯ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಬಹುತೇಕ ಸೌಲಭ್ಯಗಳಿಗೆ ನ್ಯೂನತೆಯು ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿರುವುದು ಅಗತ್ಯ. ಪ್ರಮಾಣವನ್ನು ನಿಗದಿಪಡಿಸುವ ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರಾಗುವಾಗ ಮೇಲ್ಕಂಡ ಚಿಕಿತ್ಸಾ ಸಾರಾಂಶ ಮತ್ತು ಪಾರ್ಶ್ವವಾಯುವಿನ ನಂತರದ ಸ್ಕ್ಯಾನ್ ವರದಿಯನ್ನು ಹಾಜರುಪಡಿಸತಕ್ಕದ್ದು. ಗ್ರಾಮೀಣ ಪ್ರದೇಶದ ಅರ್ಜಿದಾರರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಅರ್ಜಿ ಭರ್ತಿ ಮಾಡಲು ನೆರವು ಪಡೆಯಬಹುದಾಗಿದೆ.